ನುರಿಜಾ ಹೆಸರಿನ ಮೂರು ಕಡತಗಳು

"ಯಾರ ಮನೇಲಿ ಕೂತು ಇದನ್ನ ಕಟ್ಟಿದೆ? ಮೊದಲು ಅದನ್ನ ಹೇಳು."

"ಅನಾರಾ, ದನಿ ಇಳಿಸು. ಪಕ್ಕದ ಕೋಣೇಲಿ ಬತ್ಮಾ ಎಜೆ ಇದಾರೆ."

"ಇರಲಿ. ಅವರಿಗೂ ಕೇಳಿಸಲಿ, ನಾರಿನ್ ಊರಿಗೆಲ್ಲ ಕೇಳಿಸಲಿ. ನಿನ್ನ ಪ್ರೋಗ್ರಾಂ ಶುರುವಾಗೋಕೆ ಮೊದಲು ಎಲ್ಲಿಗೆ ಹೋಗಿ ಬಾಗಿಲು ಬಡೀತಿದೆ ನೋಡು. ಓದು. ಓದೋಕೆ ಬರುತ್ತಲ್ಲ ನಿಂಗೆ?"

ಕುಬಾತ್ ಓದಲಿಲ್ಲ. ಪರದೆಯ ಮೇಲೆ ಏನಿದೆ ಎಂದು ಅವನಿಗೆ ಗೊತ್ತಿತ್ತು. ತಂತ್ರಾಂಶ ನಡೆಯಲು ಬೇಕಾದ ಮೂರು ಕಡತಗಳು ಸಿಗಲಿಲ್ಲ ಎಂದು ಅಲ್ಲಿ ಬರೆದಿತ್ತು. ಎಲ್ಲಿ ಹುಡುಕಿದೆ ಎಂಬುದನ್ನೂ ಅದು ಬರೆದಿತ್ತು. ಹುಡುಕಿದ ಜಾಗದ ಹೆಸರಿನಲ್ಲಿ ಸ್ಪಷ್ಟವಾಗಿ, ಮೂರು ಸಾಲಿನಲ್ಲಿ ಮೂರು ಸಲ, ನುರಿಜಾ ಎಂದಿತ್ತು.

ಒಂದು ಯಂತ್ರದಲ್ಲಿ ಕೂತು ತಂತ್ರಾಂಶ ಕಟ್ಟಿದರೆ ಆ ಯಂತ್ರದ ಒಡೆಯರ ಹೆಸರು ಅದರ ಹೊಟ್ಟೆಯೊಳಗೆ ಉಳಿದುಬಿಡುತ್ತದೆ. ಕಟ್ಟಿದವನು ಒರೆಸಲು ಮರೆತರೆ ಹೀಗೇ ಆಗುವುದು. ಬೇರೆ ಯಾವ ಹೆಂಗಸಿಗೂ ಇದು ಕಾಣುತ್ತಿರಲಿಲ್ಲ. ಅನಾರಾಳಿಗೆ ಕಂಡಿತು, ಯಾಕೆಂದರೆ ಅದನ್ನು ಕಾಣುವುದೇ ಅವಳ ಕೆಲಸ.

"ನುರಿಜಾ ಯಂತ್ರದಲ್ಲಿ ಕಟ್ಟಿದೆ. ಸರಿ. ಅದಕ್ಕೇನೀಗ?" ಎಂದ ಕುಬಾತ್.

"ಅದಕ್ಕೇನಾ? ನಿಮ್ಮವ್ವ ಅವಳ ಕಿವಿಗೆ ಓಲೆ ಹಾಕಿ ನಿಶ್ಚಯ ಮಾಡಿದ್ದರು. ಊರಿಗೆಲ್ಲ ಗೊತ್ತು."

"ಅವಳು ಓಲೆ ವಾಪಸ್ ಕೊಟ್ಟು ಮೂರು ವರ್ಷ ಆಯ್ತು. ಅದೂ ಊರಿಗೆಲ್ಲ ಗೊತ್ತು."

"ಹಾಗಾದ್ರೆ ಈಗ್ಯಾಕೆ ಹೋದೆ ಅಲ್ಲಿಗೆ?"

ಕುಬಾತ್ ಕುರ್ಚಿಯಿಂದ ಎದ್ದ. ಎತ್ತರದ ಮನುಷ್ಯ, ಸಿಟ್ಟು ಬಂದಾಗ ಕಿವಿ ಕೆಂಪಾಗುವ ಮನುಷ್ಯ. "ಕೇಳೋ ರೀತೀಲಿ ಕೇಳಿದ್ರೆ ಹೇಳ್ತಿದ್ದೆ. ಕಳ್ಳನ್ನ ಹಿಡಿದ ಹಾಗೆ ಕೇಳಿದ್ರೆ ಹೇಳಲ್ಲ. ಮೂರು ಕಡತ ಪ್ರೋಗ್ರಾಂ ಪಕ್ಕದಲ್ಲೇ ಇಟ್ಟಿದೀನಿ. ಅದರ ಜೊತೆ ಕೊಟ್ಟ ಗುಂಡಿ ಒತ್ತಿ ಶುರು ಮಾಡು, ನಡೆಯುತ್ತೆ. ಆ ಮೂರನ್ನ ಮಾತ್ರ ಮುಟ್ಟಬೇಡ. ಇಷ್ಟೇ ನಾನು ಹೇಳೋದು."

ಹೇಳಿ ಹೊರಗೆ ಹೋದ. ಅನಾರಾ ಪರದೆಯನ್ನೇ ನೋಡುತ್ತ ಕೂತಳು. ಮೂರು ಸಾಲು. ಮೂರು ಸಲ ಅದೇ ಹೆಸರು.

*

ನಾರಿನ್ ಊರಿನ ಆ ಕಚೇರಿಗೆ ಒಂದೇ ಕೆಲಸ: ಬೆಟ್ಟದ ಹಿಮ ಯಾವಾಗ ಜಾರುತ್ತದೆ ಎಂದು ಮೊದಲೇ ತಿಳಿಯುವುದು. ಬೆಟ್ಟದ ಮೇಲೆ ನಾಲ್ಕು ಕಾವಲು ಠಾಣೆಗಳು. ಇಳಿಜಾರಿನಲ್ಲಿ ನೆಟ್ಟ ಕಂಬಗಳು ಹಿಮದ ಭಾರ ಅಳೆದು ಠಾಣೆಯ ಕಂಪ್ಯೂಟರಿಗೆ ಕಳಿಸುತ್ತವೆ. ಭಾರ ಕಡಿಮೆ ಇದ್ದರೆ ಪರದೆ ಹಸಿರು, ಹೆಚ್ಚಿದರೆ ಹಳದಿ, ಇನ್ನೂ ಹೆಚ್ಚಿದರೆ ಕೆಂಪು. ಕೆಂಪು ಕಂಡರೆ ದಾರಿ ಮುಚ್ಚಬೇಕು.

ತಲೆನೋವು ಇದ್ದದ್ದು ಆ ನಾಲ್ಕು ಕಂಪ್ಯೂಟರುಗಳಲ್ಲಿ. ಒಂದು ಮೊನ್ನೆ ಬಂದದ್ದು, ಒಂದು ಯಾರೋ ದಾನ ಕೊಟ್ಟದ್ದು, ಕೋಕ್-ಜಾರ್ ಕಣಿವೆಯದಂತೂ ಹನ್ನೊಂದು ವರ್ಷದ್ದು. ಪ್ರತಿ ಯಂತ್ರದಲ್ಲೂ ಎಲ್ಲ ತಂತ್ರಾಂಶಗಳು ಹಂಚಿಕೊಂಡು ಬಳಸುವ ಕೆಲವು ಕಡತಗಳಿರುತ್ತವೆ. ಲೈಬ್ರರಿ ಎನ್ನುತ್ತಾರೆ. ಒಂದು ಅಂಗಳದ ಐದು ಮನೆಗೂ ಒಂದೇ ತಂದೂರಿ ಒಲೆ ಇದ್ದ ಹಾಗೆ. ಹಿಟ್ಟು ನಮ್ಮದು, ಒಲೆ ಎಲ್ಲರದು. ಆದರೆ ಒಂದೊಂದು ಅಂಗಳದ ಒಲೆ ಒಂದೊಂದು ಕಾಲದ್ದಾದರೆ? ಇಲ್ಲಿ ಬೆಂದ ರೊಟ್ಟಿ ಅಲ್ಲಿ ಸೀದು ಕರಕಲು.

ಈ ಒಲೆಗಳನ್ನೆಲ್ಲ ಹೊಂದಿಸುವವಳು ಅನಾರಾ. ಹೊಸ ತಂತ್ರಾಂಶ ಬಂದಾಗಲೆಲ್ಲ ಬೆಟ್ಟ ಹತ್ತಬೇಕಾದವಳು ಅವಳೇ.

ಎರಡು ವರ್ಷದ ಹಿಂದೆ ಕುಬಾತ್ ರಾಜಧಾನಿ ಬಿಷ್ಕೆಕ್‌ನ ಕೆಲಸ ಬಿಟ್ಟು ಊರಿಗೆ ಬಂದು ಈ ಕಚೇರಿಗೆ ಸೇರಿದ. ಮೊದಲ ದಿನವೇ ಜಗಳ. ಅವನು ತನ್ನ ಯಂತ್ರದ ಹೊಸ ಕಡತವನ್ನು ಕಚೇರಿಯ ಹಳೇ ಕಡತದ ಮೇಲೆ ಹೇರಿಬಿಟ್ಟಿದ್ದ. ಇಡೀ ಯಂತ್ರ ಮೂಕವಾಯಿತು. ಯಾವ ಗುಂಡಿಗೂ ಉತ್ತರವಿಲ್ಲ.

"ಕೈ ತೆಗಿ," ಎಂದಿದ್ದಳು ಅನಾರಾ. "ಯಾವ ಕುರಿದೊಡ್ಡೀಲಿ ಕಲಿತೆ ಇದನ್ನ? ಒಂದು ಯಂತ್ರದ ಸಾಮಾನು ಇನ್ನೊಂದರ ಮೇಲೆ ಹೇರ್ತಾರಾ ಯಾರಾದ್ರೂ?"

"ಹೆಸರು ಒಂದೇ ಇತ್ತು..."

"ಹೆಸರು ಒಂದೇ ಇದ್ರೆ? ನಮ್ಮ ಬೀದೀಲಿ ನಾಲ್ಕು ಜನ ಬಕೀತ್ ಇದಾರೆ. ಒಬ್ಬನ ಹೆಂಡತಿ ಇನ್ನೊಬ್ಬನ ಮನೇಲಿ ಅಡುಗೆ ಮಾಡ್ತಾಳಾ?"

ಅವನು ನಕ್ಕುಬಿಟ್ಟ. ಅವಳೂ ತುಟಿ ಕಚ್ಚಿಕೊಂಡು ನಕ್ಕಳು. ಎರಡು ದಿನ ಪಕ್ಕಪಕ್ಕ ಕೂತು ಯಂತ್ರವನ್ನು ಬದುಕಿಸಿದರು. ಎರಡನೇ ದಿನ ಅವನು ಮನೆಯಿಂದ ಡಬ್ಬಿಯಲ್ಲಿ ಕುರಿಮಾಂಸ ಹುರಿದು ತಂದ. ಉಪ್ಪು ಜಾಸ್ತಿಯಾಗಿತ್ತು. ಅವಳು ಒಂದು ಚೂರೂ ಬಿಡದೆ ತಿಂದಳು.

ಅಲ್ಲಿಂದ ಶುರುವಾದದ್ದು. ಪ್ರೀತಿ ಎಂದು ಇಬ್ಬರೂ ಬಾಯಿ ಬಿಟ್ಟು ಹೇಳಿರಲಿಲ್ಲ. ಹೇಳಬೇಕಿತ್ತು. ಹೇಳದೆ ಬಿಟ್ಟದ್ದರಿಂದಲೇ ಇಷ್ಟೆಲ್ಲ ಆಯಿತು.

*

ಜಗಳದ ಮಾರನೇ ದಿನ ನುರಿಜಾ ತಾನೇ ಕಚೇರಿಗೆ ಬಂದಳು.

ನರಿಯ ತುಪ್ಪಳದ ಟೋಪಿ, ಚಳಿಗೆ ಕೆಂಪಾದ ಕೆನ್ನೆ, ನಗುವ ಕಣ್ಣು. ಅವಳು ಬಿಷ್ಕೆಕ್‌ನಲ್ಲಿ ಇರುವವಳು, ಅಮ್ಮನನ್ನು ನೋಡಲು ಬಂದಿದ್ದಳು. ಅನಾರಾ ತನ್ನ ಮಾಸಲು ಸ್ವೆಟರಿನ ತೋಳನ್ನು ಕೆಳಗೆ ಎಳೆದುಕೊಂಡಳು.

'ಇಷ್ಟು ಚೆಂದ ಇದ್ದಾಳಾ ಇವಳು... ಫೋಟೋದಲ್ಲಿ ನೋಡಿದಾಗ ಇಷ್ಟಿರಲಿಲ್ಲ.'

"ಕುಬಾತ್ ಇಲ್ವಾ?" ಎಂದಳು ನುರಿಜಾ, ಕೈಗವಸು ಬಿಚ್ಚುತ್ತ.

"ಕೆಳಗಿನ ಠಾಣೆಗೆ ಹೋಗಿದಾನೆ."

"ಅಯ್ಯೋ, ತಪ್ಪಿಸ್ಕೊಂಡ. ಮೂರು ದಿನ ನಮ್ಮನೇಲೇ ಬಿದ್ದಿದ್ದ ಕಣ್ರೀ. ಅವ್ವ ಕರಿದ ಬೊರ್ಸೋಕ್ ಎಲ್ಲಾ ಖಾಲಿ ಮಾಡಿ ಹೋದ. ಅವ್ವನಿಗಂತೂ ಖುಷಿಯೋ ಖುಷಿ, ಅಳಿಯನೇ ಬಂದ ಹಾಗೆ." ಅವಳು ನಕ್ಕಳು. "ನೀವು ಅನಾರಾ ತಾನೇ? ನಿಮ್ಮ ವಿಷಯ ಅವನು..."

"ಕೂತ್ಕೊಳ್ಳಿ. ಚಹಾ ಕುಡಿಯಿರಿ," ಎಂದು ಅನಾರಾ ಮಾತು ತುಂಡರಿಸಿದಳು.

ಪಿಂಗಾಣಿ ಬಟ್ಟಲು ತೆಗೆದು ಚಹಾ ಸುರಿದಳು. ಅರ್ಧಕ್ಕೆ ನಿಲ್ಲಿಸಲಿಲ್ಲ. ಮುಕ್ಕಾಲಿಗೂ ನಿಲ್ಲಿಸಲಿಲ್ಲ. ಅಂಚಿನವರೆಗೆ ತುಂಬಿ, ತುಳುಕುವ ಹಾಗೆ, ನುರಿಜಾಳ ಮುಂದೆ ಇಟ್ಟಳು.

ಕೋಣೆಯಲ್ಲಿದ್ದ ಇನ್ನಿಬ್ಬರ ಮಾತು ನಿಂತಿತು. ಬೇಕಾದ ಅತಿಥಿಗೆ ಅರ್ಧ ಬಟ್ಟಲು ಕೊಡುತ್ತಾರೆ, ಮತ್ತೆ ಮತ್ತೆ ತುಂಬಿಸುವ ನೆಪ ಇರಲಿ ಎಂದು. ಒಂದೇ ಸಲ ತುಂಬಿಸಿ ಕೊಟ್ಟರೆ, ಕುಡಿದು ಹೊರಡು ಎಂದರ್ಥ.

ನುರಿಜಾ ಬಟ್ಟಲನ್ನು ನೋಡಿದಳು. ಅನಾರಾಳನ್ನು ನೋಡಿದಳು. ಎರಡು ಕೈಯಲ್ಲಿ ಹಿಡಿದು, ಒಂದು ಹನಿ ಚೆಲ್ಲದೆ, ಬಿಸಿಬಿಸಿಯಾಗೇ ಪೂರ್ತಿ ಕುಡಿದಳು.

"ಚಹಾ ಚೆನ್ನಾಗಿತ್ತು," ಎಂದಳು. "ಇನ್ನೊಂದು ಸಲ ಬಂದಾಗ ಅರ್ಧ ಕೊಡಿ, ಸಾಕು."

ಅವಳು ಹೋದ ಮೇಲೆ ಬತ್ಮಾ ಎಜೆ ತಮ್ಮ ಕೋಣೆಯಿಂದ ಬಂದು ನಿಂತರು. ಐವತ್ತೆಂಟರ ಮೇಲಧಿಕಾರಿ, ದಪ್ಪ ಕನ್ನಡಕ, ಕಚೇರಿಗೆಲ್ಲ ಎಜೆ, ಅಂದರೆ ಅಕ್ಕ. "ನಿನ್ನವ್ವ ಇದ್ದಿದ್ರೆ ಇವತ್ತು ನಿನ್ನ ಕೈಗೆ ಬರೆ ಹಾಕ್ತಿದ್ಲು. ನಾಳೆ ಕೋಕ್-ಜಾರ್‌ಗೆ ಸಾಮಾನು ಗಾಡಿ ಹೋಗುತ್ತೆ. ಜೊತೇಲಿ ಹೋಗಿ ಪ್ರೋಗ್ರಾಂ ಹಾಕಿ ಬಾ. ತಲೆಗೂ ಸ್ವಲ್ಪ ತಣ್ಣನೆ ಗಾಳಿ ಬೀಳಲಿ."

*

ತಣ್ಣನೆ ಗಾಳಿ ಬಿತ್ತು. ಆದರೆ ಹೊಟ್ಟೆಯೊಳಗಿನ ಕಿಚ್ಚಿಗೆ ಗಾಳಿ ಬಿದ್ದರೆ ಅದು ಇನ್ನಷ್ಟು ಉರಿಯುತ್ತದೆ, ಅಷ್ಟೆ. ಗಾಡಿ ಬೆಟ್ಟ ಹತ್ತುವ ನಾಲ್ಕು ಗಂಟೆಯೂ ಅನಾರಾಳ ಕಣ್ಣ ಮುಂದೆ ಒಂದೇ ಚಿತ್ರ. ಬೆಚ್ಚನೆ ಕೋಣೆ. ಕುಬಾತ್ ಕೂತಿದ್ದಾನೆ. ಪಕ್ಕದಲ್ಲಿ ಆ ಕೆಂಪು ಕೆನ್ನೆ ಬಾಗಿ ಪರದೆ ನೋಡುತ್ತಿದೆ. ತಟ್ಟೆಯಲ್ಲಿ ಬೊರ್ಸೋಕ್.

'ಮೂರು ದಿನ... ಮೂರು ದಿನ ಏನು ಕಟ್ಟಿದರು ಇವರು?'

ಠಾಣೆಯಲ್ಲಿ ಕಾವಲುಗಾರ ಶಾರ್ಶೆನ್ ಒಬ್ಬನೇ ಇದ್ದ. ಅರವತ್ತೊಂದು ವರ್ಷ, ಮೂವತ್ತು ಚಳಿಗಾಲ ಅದೇ ಬೆಟ್ಟದ ಮೇಲೆ. ಎಲ್ಲರೂ ಅವನನ್ನು ಬಾಯ್ಕೆ, ದೊಡ್ಡಣ್ಣ, ಎನ್ನುತ್ತಿದ್ದರು.

"ಬಾ ಮಗಳೇ. ಏನು ಮುಖ, ಹುಳಿ ಮೊಸರು ಕುಡಿದ ಹಾಗೆ? ಕುಬಾತ್ ಜಗಳ ಆಡಿದ್ನಾ?"

"ಅವನ ಹೆಸರು ಎತ್ತಬೇಡಿ ಬಾಯ್ಕೆ."

"ಎತ್ತಲ್ಲ. ಮದುವೆ ಊಟಕ್ಕೆ ಕರೀರಿ, ಆಗ ಎತ್ತೀನಿ." ನಗುತ್ತ ಅವನು ಸಲಿಕೆ ಹಿಡಿದು ಹೊರಗೆ ಹೋದ, ಬಾಗಿಲ ಮುಂದಿನ ಹಿಮ ಸರಿಸಲು.

ಅನಾರಾ ಕಂಪ್ಯೂಟರಿನ ಮುಂದೆ ಕೂತಳು. ತಂತ್ರಾಂಶವನ್ನು ಇಳಿಸಿದಳು. ಪಕ್ಕದಲ್ಲಿ ಆ ಮೂರು ಕಡತಗಳು. ನುರಿಜಾಳ ಯಂತ್ರದಿಂದ ಬಂದ ಮೂರು ಕಡತಗಳು.

ಅದೇ ಕೆಲಸ ಮಾಡುವ ಮೂರು ಕಡತಗಳು ಈ ಯಂತ್ರದಲ್ಲೂ ಇದ್ದವು. ಆದರೆ ಬೇರೆ ವರ್ಷದವು, ಒಳಗಿನ ಜೋಡಣೆ ಬೇರೆ. ಅದು ಅವಳಿಗೆ ಗೊತ್ತಿತ್ತು. ಕುಬಾತನಿಗೆ ಪಾಠ ಹೇಳಿದವಳೇ ಅವಳು.

'ಇಷ್ಟು ಸಣ್ಣ ವ್ಯತ್ಯಾಸ. ಏನಾಗುತ್ತೆ? ನನ್ನ ಠಾಣೆಗೆ ಅವಳ ಸಾಮಾನು ಯಾಕೆ ಬರಬೇಕು?'

ಬೆರಳು ಒಂದು ಕ್ಷಣ ನಿಂತಿತು. ಆಮೇಲೆ ಮೂರನ್ನೂ ಅಳಿಸಿದಳು. ಠಾಣೆಯ ಕಡತಗಳಿಗೆ ಅಳಿಸಿದವುಗಳ ಹೆಸರು ಅಂಟಿಸಿದಳು. ತಂತ್ರಾಂಶಕ್ಕೆ ಬೇಕಾದ ಹೆಸರು ಸಿಕ್ಕಿತು. ಅದು ಶುರುವಾಯಿತು. ಒಂದು ದೂರೂ ಇಲ್ಲ. ಪರದೆ ಹಸಿರಾಯಿತು.

ಹೆಸರು ಅಂಟಿಸಿದ್ದರಿಂದ ಅದು ತೊಡಕಿಲ್ಲದೆ ನಡೆಯಿತು. ತಪ್ಪು ಹೇಳಿ ನಿಂತುಬಿಟ್ಟಿದ್ದರೆ ಎಷ್ಟೋ ಒಳ್ಳೆಯದಿತ್ತು. ನಿಲ್ಲಲಿಲ್ಲ. ಹಿಮದ ಭಾರ ಇರಬೇಕಾದ ಜಾಗದಿಂದ ಬೇರೆ ಯಾವುದೋ ಅಂಕಿ ಎತ್ತಿಕೊಂಡು, ಎಲ್ಲ ಚೆನ್ನಾಗಿದೆ ಎಂದು ತೋರಿಸುತ್ತ ಕೂತಿತು.

ಅನಾರಾ ಕೆಟ್ಟವಳಲ್ಲ. ಆದರೆ ಅವತ್ತು ಮಾಡಿದ್ದು ಕೆಟ್ಟ ಕೆಲಸ. ಅದಕ್ಕೆ ಬೇರೆ ಬಣ್ಣ ಹಚ್ಚುವುದು ಬೇಡ.

"ಆಯ್ತಾ ಮಗಳೇ?" ಶಾರ್ಶೆನ್ ಬಾಗಿಲಲ್ಲಿ ಹಿಮ ಕೊಡವುತ್ತ ಕೇಳಿದ.

"ಆಯ್ತು ಬಾಯ್ಕೆ. ಹಸಿರು ಇದೆ."

*

ಐದು ದಿನ ಎಡೆಬಿಡದೆ ಹಿಮ ಸುರಿಯಿತು. ಆರನೇ ದಿನ ಬೆಳಿಗ್ಗೆ ಕೋಕ್-ಜಾರ್ ಇಳಿಜಾರು ಜಾರಿತು.

ಶಾರ್ಶೆನ್ ಪರದೆ ನೋಡಿ, ಹಸಿರಿದೆ ಎಂದು, ಕಂಬಗಳ ಕಡೆ ನಡೆದಿದ್ದ. ದಾರಿ ತೆರೆಯುವ ಗಾಡಿಯವರು ಅವನ ಟೋಪಿ ಕಂಡು ಅಗೆದು ತೆಗೆಯುವಷ್ಟರಲ್ಲಿ ನಲವತ್ತು ನಿಮಿಷ. ಜೀವ ಉಳಿಯಿತು. ಬಲಗೈಯ ಮೂರು ಬೆರಳು ಉಳಿಯಲಿಲ್ಲ.

ಆಸ್ಪತ್ರೆಯಲ್ಲಿ ಅನಾರಾ ಮಂಚದ ಪಕ್ಕ ನಿಂತಳು. ಅವನ ಕೈಗೆ ಸುತ್ತಿದ ಬಿಳಿ ಬಟ್ಟೆ ನೋಡಲಾಗಲಿಲ್ಲ, ಬೇರೆ ಕಡೆ ನೋಡಲೂ ಆಗಲಿಲ್ಲ.

"ಮೂವತ್ತು ವರ್ಷ ಮೂಗಲ್ಲೇ ವಾಸನೆ ಹಿಡೀತಿದ್ದೆ ಮಗಳೇ," ಎಂದ ಶಾರ್ಶೆನ್, ಒಣಗಿದ ತುಟಿಯಲ್ಲಿ. "ಅವತ್ತೂ ಗಾಳಿ ಸರಿ ಇಲ್ಲ ಅನ್ನಿಸ್ತು. ಆದ್ರೆ ಹಸಿರು ಇತ್ತು. ಅನಾರಾ ಹಾಕಿದ್ದು, ತಪ್ಪಲ್ಲ ಅಂದ್ಕೊಂಡು ಹೊರಟೆ."

ಈಗಲೇ ಹೇಳಬೇಕು ಎಂದುಕೊಂಡಳು. ಹೇಳಲಿಲ್ಲ. ನೀರು ತರುತ್ತೇನೆ ಎಂದು ಹೊರಗೆ ಬಂದು ಗೋಡೆಗೆ ಒರಗಿದಳು.

ಅದೇ ದಿನ ಕುಬಾತ್ ಠಾಣೆಗೆ ಹೋಗಿ ಕಂಪ್ಯೂಟರ್ ಬಿಚ್ಚಿ ನೋಡಿದ. ಮೂರು ಕಡತ ಇಲ್ಲ. ಅವುಗಳ ಹೆಸರು ಬೇರೆಯವಕ್ಕೆ ಅಂಟಿದೆ. ಅಂಟಿಸಿದವರು ಯಾರು, ಯಾವ ದಿನ, ಎಷ್ಟು ಗಂಟೆಗೆ ಎಂಬುದನ್ನೆಲ್ಲ ಯಂತ್ರ ಬರೆದಿಟ್ಟಿತ್ತು.

ಅವನು ಕಣಿವೆಯಿಂದ ಇಳಿದು ಬಂದು ಬತ್ಮಾ ಎಜೆಯ ಮುಂದೆ ನಿಂತ. "ಪ್ರೋಗ್ರಾಂ ನಂದು. ತಪ್ಪೂ ನಂದೇ ಅಂತ ಬರ್ಕೊಳ್ಳಿ," ಎಂದ.

ಕಚೇರಿಯವರೆಲ್ಲ ಕೇಳಿದರು. ಅನಾರಾಳೂ ಕೇಳಿದಳು. ಕುಬಾತ್ ಅವಳ ಕಡೆ ಒಂದು ಸಲ ನೋಡಿದ. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಅವಳಿಗೆ ಉಸಿರಾಡಲು ಆಗುತ್ತಿತ್ತು.

*

ಒಂದು ದಿನ ಪೂರ್ತಿ ಅವಳು ಬಾಯಿ ಬಿಡಲಿಲ್ಲ. ಬಾಯಿ ಬಿಟ್ಟರೆ ಕೆಲಸ ಹೋಗುತ್ತದೆ ಎಂಬ ಹೆದರಿಕೆ ಒಂದು. ಅದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು: ನುರಿಜಾಳ ಮೇಲಿನ ಕಿಚ್ಚು ಇನ್ನೂ ಆರಿರಲಿಲ್ಲ.

'ಅವಳ ಮನೆಗೆ ಹೋಗಿರದಿದ್ದರೆ ಇದ್ಯಾವುದೂ ಆಗ್ತಿರಲಿಲ್ಲ...'

ಮಾರನೇ ದಿನ ಬತ್ಮಾ ಎಜೆ ಅವಳನ್ನು ಕರೆದರು.

"ಕುಬಾತ್ ತಪ್ಪು ಒಪ್ಕೊಂಡಿದಾನೆ. ಮೇಲಿನವರಿಗೆ ಕಳಿಸಬೇಕು. ಅದಕ್ಕೆ ಮುಂಚೆ ಹಳೇ ಕಾಗದ ಎಲ್ಲ ಜೋಡಿಸ್ತಿದ್ದೆ. ಇದು ಸಿಕ್ತು. ಜನವರೀಲಿ ಅವನು ಕೊಟ್ಟಿದ್ದು. ಓದು."

ಕುಬಾತನ ಓರೆ ಅಕ್ಷರ. ಅನಾರಾ ಓದಿದಳು.

ಕೋಕ್-ಜಾರ್ ಕಂಪ್ಯೂಟರ್ ಬದಲಾಯಿಸಲು ಮುಂದಿನ ವರ್ಷದವರೆಗೆ ಆಗುವುದಿಲ್ಲ ಎಂದು ತಿಳಿದಿದೆ. ಹೊಸ ಯಂತ್ರದಲ್ಲಿ ಕಟ್ಟಿದ್ದು ಹಳೆಯದರಲ್ಲಿ ನಡೆಯುವುದಿಲ್ಲ. ಹಳೆಯದರಲ್ಲಿ ಕಟ್ಟಿ ಅದರ ಕಡತಗಳನ್ನು ಜೊತೆಗಿಟ್ಟರೆ ಹೊಸದರಲ್ಲೂ ನಡೆಯುತ್ತದೆ. ಊರಲ್ಲಿ ಅದಕ್ಕಿಂತ ಹಳೆಯ ಯಂತ್ರ ಒಂದೇ ಇದೆ, ನುರಿಜಾ ಓದುವಾಗ ಬಳಸಿದ್ದು, ಅವಳ ತಾಯಿಯ ಮನೆಯಲ್ಲಿದೆ. ಎತ್ತಿ ತಂದರೆ ಕೆಡುತ್ತದೆ. ಅಲ್ಲಿಯೇ ಕೂತು ಕಟ್ಟಲು ಮೂರು ದಿನ ಬೇಕು. ಹೀಗೆ ಮಾಡಿದರೆ ನಾಲ್ಕು ಠಾಣೆಗೂ ಒಂದೇ ಸಾಕು. ಕಡತ ಹೊಂದಿಸಲು ಅನಾರಾ ಈ ಚಳಿಯಲ್ಲಿ ಏಳು ಸಲ ಬೆಟ್ಟ ಹತ್ತಿದ್ದಾಳೆ. ಇದೊಂದು ಸಲ ಹತ್ತಿದರೆ ಆಮೇಲೆ ಹತ್ತಬೇಕಿಲ್ಲ. ಅಲ್ಲಿಂದ ಬಂದಾಗಲೆಲ್ಲ ಅವಳಿಗೆ ಹತ್ತು ದಿನ ಕೆಮ್ಮು ಬಿಡುವುದಿಲ್ಲ.

"ಸರ್ಕಾರಿ ಕಾಗದದಲ್ಲಿ ಕೆಮ್ಮು ಬರೆದಿದಾನೆ ನೋಡು," ಎಂದರು ಬತ್ಮಾ ಎಜೆ. "ಕರೆದು ಬೈದೆ ಅವತ್ತು. ತೆಗೆದು ಹಾಕು ಅಂದೆ. ತೆಗೀಲಿಲ್ಲ."

ಅನಾರಾ ಕಾಗದವನ್ನು ಮೇಜಿನ ಮೇಲಿಟ್ಟಳು.

"ಅವನ ಪ್ರೋಗ್ರಾಂನಲ್ಲಿ ತಪ್ಪಿರಲಿಲ್ಲ ಎಜೆ," ಎಂದಳು. "ಮೂರು ಕಡತ ನಾನು ಅಳಿಸಿದೆ. ಸುಳ್ಳು ಹೆಸರು ಅಂಟಿಸಿದೆ. ಬೇಕು ಅಂತಲೇ ಮಾಡಿದೆ."

ಬತ್ಮಾ ಎಜೆ ಕನ್ನಡಕ ತೆಗೆದರು. "ಯಾಕೆ?"

"ನುರಿಜಾ ಹೆಸರಿತ್ತು. ಅದಕ್ಕೆ."

"ಅಷ್ಟಕ್ಕೆ?"

"ಅಷ್ಟಕ್ಕೆ."

ಮೇಲಧಿಕಾರಿ ಬೈಯಲಿಲ್ಲ. ಬಿಳಿ ಹಾಳೆ ಎಳೆದು ಅವಳ ಮುಂದೆ ಇಟ್ಟರು. ಅನಾರಾ ಎಲ್ಲವನ್ನೂ ಬರೆದು ಸಹಿ ಹಾಕಿದಳು. ಆಮೇಲೆ ಆಸ್ಪತ್ರೆಗೆ ಹೋಗಿ ಶಾರ್ಶೆನ್‌ಗೂ ಹೇಳಿದಳು. ಅವನು ಮುಖವನ್ನು ಗೋಡೆಯ ಕಡೆ ತಿರುಗಿಸಿದ. ಮಗಳೇ ಎನ್ನಲಿಲ್ಲ.

*

ಸಂಜೆಗೆ ಮುಂಚೆ ಅವಳು ಕಚೇರಿಗೆ ಮರಳಿದಾಗ ಕುಬಾತ್ ತನ್ನ ಮೇಜು ಖಾಲಿ ಮಾಡುತ್ತಿದ್ದ. ಎರಡು ಪುಸ್ತಕ, ಒಂದು ಬಟ್ಟಲು, ಒಂದು ಹಳೇ ಮಫ್ಲರ್. ಉಳಿದವರೆಲ್ಲ ಯಾವುದೋ ನೆಪ ಹೇಳಿ ಹೊರಗೆ ಹೋಗಿದ್ದರು.

"ನಾನು ಬರೆದು ಕೊಟ್ಟೆ," ಎಂದಳು ಅನಾರಾ. "ನಿನ್ನ ಮೇಲೆ ಇನ್ನು ಏನೂ ಇಲ್ಲ. ನೀನ್ಯಾಕೆ ಹೋಗಬೇಕು?"

"ಗೊತ್ತಾಯ್ತು. ಎಜೆ ಹೇಳಿದರು."

"ನಂಗೆ ಯಾಕೆ ಹೇಳಲಿಲ್ಲ ಕುಬಾತ್? ಹಳೇ ಯಂತ್ರ ಅಂತ ಒಂದು ಮಾತು..."

"ನಿಂಗೆ ಆಶ್ಚರ್ಯ ಆಗಲಿ ಅಂತಿದ್ದೆ. ಆಮೇಲೆ ನೀನು ಹಾಗೆ ಕೇಳಿದೆ. ನಂಗೂ ಹಟ ಬಂತು." ಅವನು ಪುಸ್ತಕವನ್ನು ಚೀಲಕ್ಕೆ ಹಾಕಿದ. "ಆ ಹಟಕ್ಕೆ ನನ್ನನ್ನೇ ಬೈಕೊಂಡಿದೀನಿ. ನಿನ್ನೊಬ್ಬಳನ್ನೇ ಅಲ್ಲ."

"ನಾನು ನಿನ್ನ ಪ್ರೀತಿಸ್ತೀನಿ," ಎಂದಳು ಅನಾರಾ. ಇಷ್ಟು ದಿನ ಬಾರದ ಮಾತು ಈಗ ಎಷ್ಟು ಸಲೀಸಾಗಿ ಬಂತು ಎಂದು ಅವಳಿಗೇ ಅಳು ಬಂತು. "ಅದಕ್ಕೇ ತಲೆ ಕೆಟ್ಟಿತ್ತು. ಅವಳು ಆ ಕೋಣೇಲಿ ನಿನ್ನ ಪಕ್ಕ ಕೂತಿದ್ದಾಳೆ ಅನ್ನೋದೊಂದೇ..."

"ಅವಳು ಆಗ ಊರಲ್ಲೇ ಇರಲಿಲ್ಲ. ನಾನು ಮುಗಿಸಿ ಎದ್ದ ಮೇಲೆ ಬಂದ್ಲು. ಅವಳವ್ವ ಹೊದಿಕೆ ಹೊದ್ಕೊಂಡು ಪಕ್ಕದಲ್ಲಿ ಗೊರಕೆ ಹೊಡೀತಿದ್ರು."

ಅನಾರಾಳಿಗೆ ನಗುವೂ ಬಂತು, ಅಳುವೂ ಬಂತು. ಕುಬಾತನ ತುಟಿಯೂ ಒಂದು ಸಲ ಅಲುಗಿತು. ಅಷ್ಟೆ. ಮತ್ತೆ ಬಿಗಿಯಿತು.

"ನಾನೂ ಪ್ರೀತಿಸ್ತೀನಿ," ಎಂದ ಅವನು, ಚೀಲದ ಕಡೆ ನೋಡುತ್ತ. "ನನ್ನನ್ನ ಬೈದಿದ್ರೆ ಸಹಿಸ್ತಿದ್ದೆ. ನನ್ನ ಯಂತ್ರ ಒಡೆದು ಹಾಕಿದ್ರೂ ಸಹಿಸ್ತಿದ್ದೆ. ನೀನು ನನ್ನ ಮೇಲಿನ ಕೋಪ ತಗೊಂಡು ಹೋಗಿ ಆ ಮನುಷ್ಯನ ಮೇಲಿಟ್ಟು ಬಂದೆ. ಐದು ದಿನ ಹಿಮ ಸುರೀತಿತ್ತು ಅನಾರಾ. ಐದು ದಿನದಲ್ಲಿ ಒಂದು ಸಲ ಫೋನ್ ಮಾಡಿ, ಬಾಯ್ಕೆ, ಪರದೆ ನಂಬಬೇಡಿ ಅನ್ನಬಹುದಿತ್ತು."

ಆ ಐದು ದಿನ ಅವಳು ಬೊರ್ಸೋಕ್ ತಟ್ಟೆಯ ಬಗ್ಗೆ ಯೋಚಿಸುತ್ತಿದ್ದಳು.

"ಎಲ್ಲಿಗೆ ಹೋಗ್ತೀಯ?"

"ಮೊದಲು ಓಷ್ ಪಟ್ಟಣಕ್ಕೆ. ಅಲ್ಲಿ ಕೈ ಚೆನ್ನಾಗಿ ನೋಡೋ ವೈದ್ಯರಿದಾರಂತೆ, ಬಾಯ್ಕೆನ ಕರ್ಕೊಂಡು ಹೋಗ್ತೀನಿ. ಆಮೇಲೆ ಗೊತ್ತಿಲ್ಲ."

"ನಾನೂ ಬರ್ಲಾ?"

"ಅವರು ನಿನ್ನ ಮುಖ ನೋಡಲ್ಲ ಅಂದಿದಾರೆ."

ಗೋಡೆಯ ಆಚೆ ಯಾರೋ ಕೆಮ್ಮಿದರು. ಕುಬಾತ್ ಕೋಟು ಹಾಕಿಕೊಂಡ. ಮಫ್ಲರ್ ಎತ್ತಿ ಒಂದು ಕ್ಷಣ ಹಿಡಿದು, ಹತ್ತಿರ ಬಂದು ಅವಳ ಕತ್ತಿಗೆ ಸುತ್ತಿದ. ಅವನ ಬೆರಳು ಅವಳ ಗಲ್ಲದ ಬಳಿ ನಿಂತಿತು.

"ಹೊರಗೆ ಗಾಳಿ ಇದೆ," ಎಂದ.

"ನಿಂಗೆ?"

"ನಂಗೆ ಟೋಪಿ ಇದೆ."

"ಕಾಯ್ಲಾ ಕುಬಾತ್?"

"ಬೇಡ ಅನ್ನೋಕೆ ಬಾಯಿ ಬರ್ತಿಲ್ಲ," ಎಂದ. "ಕಾಯಿ ಅನ್ನೋಕೂ ಬರ್ತಿಲ್ಲ."

ಚೀಲ ಹೆಗಲಿಗೇರಿಸಿ ಹೊರಟ. ಬಾಗಿಲನ್ನು ಸದ್ದಾಗದ ಹಾಗೆ ಎಳೆದುಕೊಂಡ.

ಅನಾರಾ ಕಿಟಕಿಗೆ ಹೋದಳು. ಅವನು ಹೆಪ್ಪುಗಟ್ಟಿದ ನದಿಯ ಪಕ್ಕದ ದಾರಿ ಹಿಡಿದಿದ್ದ. ತಿರುವಿನಲ್ಲಿ ನಿಲ್ಲುತ್ತಾನೆ, ತಿರುಗಿ ನೋಡುತ್ತಾನೆ ಎಂದುಕೊಂಡಳು. ನಿಲ್ಲಲಿಲ್ಲ. ಏನೋ ಮರೆತು ವಾಪಸ್ ಬರುತ್ತಾನೆ ಎಂದುಕೊಂಡು, ಕಚೇರಿಗೆ ಬೀಗ ಹಾಕುವವರೆಗೂ ಅಲ್ಲೇ ನಿಂತಳು.

ಆ ಚಳಿಗಾಲ ಮುಗಿಯಿತು. ನದಿ ಕರಗಿ ಹರಿಯಿತು. ಅವನು ಬರಲಿಲ್ಲ.